ಕಾರ್ಬೊರೇಟರ್ ಬಿಚ್ಚಿದವರ ಚರಿತ್ರೆ

ಮೋಟಾರು ವಾಹನದ ಚರಿತ್ರೆ ಬರೆಯುವವರು ಅದನ್ನು ತಯಾರಿಸಿದ ಉದ್ಯಮಿಗಳ ಬಗ್ಗೆ ಬರೆಯುತ್ತಾರೆ, ಕೊಂಡು ಓಡಿಸಿದ ರಾಜ ಮಹಾರಾಜರ ಬಗ್ಗೆ ಬರೆಯುತ್ತಾರೆ. ಅದು ಕೆಟ್ಟು ನಿಂತಾಗ ಬಾನೆಟ್ ಎತ್ತಿ ನೋಡಿದವರ ಬಗ್ಗೆ ಬರೆಯುವುದು ಕಡಿಮೆ. ಆದರೆ ನಮ್ಮ ದೇಶದಲ್ಲಿ ಒಂದು ಕಾರು ಹತ್ತು ವರ್ಷ ಓಡಬೇಕೇ, ನಲವತ್ತು ವರ್ಷ ಓಡಬೇಕೇ ಎಂಬುದನ್ನು ನಿರ್ಧರಿಸಿದ್ದು ಹೆಚ್ಚಾಗಿ ಈ ಮೂರನೆಯವರೇ.

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟರೆ ಇಪ್ಪತ್ತು ಕಿಲೋಮೀಟರಿನೊಳಗೆ ಆಯನೂರು ಸಿಗುತ್ತದೆ. ಹೋಬಳಿ ಕೇಂದ್ರ. ಅಲ್ಲಿಂದ ಒಂದು ದಾರಿ ಕುಂಸಿ, ಆನಂದಪುರಗಳ ಮೇಲೆ ಸಾಗರ ಮತ್ತು ಜೋಗಕ್ಕೆ ಹೋದರೆ, ಇನ್ನೊಂದು ರಿಪ್ಪನ್‌ಪೇಟೆ, ಹೊಸನಗರದ ಕಡೆಗೆ ತಿರುಗುತ್ತದೆ. ಬಯಲು ಮುಗಿದು ಮಲೆನಾಡು ಶುರುವಾಗುವ ಇಂಥ ಊರುಗಳಲ್ಲಿ ವಾಹನ ರಿಪೇರಿ ಮಾಡುವವನಿಗೆ ಕೆಲಸ ತಪ್ಪಿದ್ದಲ್ಲ. ಮುಂದೆ ಏರು ದಾರಿ, ಕಾಡು, ಬಿಡದೆ ಸುರಿಯುವ ಮಳೆ. ಅಡಿಕೆ ತೋಟದವರ ಜೀಪು, ಸರಕಾರಿ ಅಂಬಾಸಿಡರ್, ಮದುವೆ ದಿಬ್ಬಣದ ಫಿಯಟ್, ಎಲ್ಲವೂ ಇದೇ ದಾರಿಯಲ್ಲಿ ಹೋಗಬೇಕು. ಕೆಟ್ಟು ನಿಂತರೆ ಕಂಪನಿಯ ವರ್ಕ್‌ಶಾಪು ದೂರದ ಮಾತು. ಹತ್ತಿರ ಇದ್ದವರು ರಸ್ತೆ ಬದಿಯ ಮೇಸ್ತ್ರಿಗಳು ಮಾತ್ರ. ಅವರು ಕಾರ್ಬೊರೇಟರಿನ ದೋಷವನ್ನು ಹೇಗೆ ಪತ್ತೆ ಹಚ್ಚುತ್ತಿದ್ದರು ಎಂಬುದು ಈ ನಾಡಿನ ದುಡಿಮೆಯ ಚರಿತ್ರೆಯ ಒಂದು ಅಧ್ಯಾಯ. ಅದನ್ನು ಬರೆದಿಟ್ಟವರು ಕಡಿಮೆ.

ಬಾರದೆ ಹೋದ ಕಾರ್ಖಾನೆ

ಮೈಸೂರು ಸಂಸ್ಥಾನ ಕಾರನ್ನು ಕೊಳ್ಳುವುದಷ್ಟೇ ಅಲ್ಲ, ತಾನೇ ತಯಾರಿಸಬೇಕೆಂದೂ ಕನಸು ಕಂಡಿತ್ತು. ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಹಿಂದೆ ಇದ್ದ ಸರ್ ಎಂ. ವಿಶ್ವೇಶ್ವರಯ್ಯನವರು, 1930ರ ದಶಕದಲ್ಲಿ ಭಾರತದಲ್ಲೇ ಮೋಟಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಅದಕ್ಕಾಗಿ ಯುರೋಪ್, ಅಮೆರಿಕಗಳನ್ನು ಸುತ್ತಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಅಮೆರಿಕದ ಕ್ರೈಸ್ಲರ್ ಕಂಪನಿ ಸಹಕರಿಸಲು ಒಪ್ಪಿತು.

ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಆ ಹುದ್ದೆಯಲ್ಲಿದ್ದ ಅವರು, ಶಿರಾಜ್‌ನಿಂದ ಕುದುರೆಗಳನ್ನು ತಂದು ಬೆಂಗಳೂರಿನಲ್ಲಿ ನೆಲೆಸಿದ ಆಗಾ ಅಲಿ ಅಸ್ಕರ್ ಅವರ ಮೊಮ್ಮಗ. ಅಜ್ಜ ಕುದುರೆ ತಂದ ನೆಲಕ್ಕೆ ಮೊಮ್ಮಗ ಮೋಟಾರು ಕಾರ್ಖಾನೆ ತರಲು ಹೊರಟರು. ಮೈಸೂರು ಸರಕಾರ ಬೆಂಬಲಕ್ಕೆ ನಿಂತಿತು. ಆದರೆ ಬ್ರಿಟಿಷ್ ಭಾರತ ಸರಕಾರ ಯುದ್ಧದ ಕಾರಣ ಮುಂದಿಟ್ಟು ಇದಕ್ಕೆ ಒಪ್ಪಲಿಲ್ಲ. ಬೆಂಗಳೂರಿಗೆ ಕಾರಿನ ಕಾರ್ಖಾನೆ ಬರಲಿಲ್ಲ. ಅದೇ ವಾಲ್‌ಚಂದ್ ಮತ್ತು ಮೈಸೂರು ಸರಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ವಿಮಾನದ ಕಾರ್ಖಾನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ವಾಲ್‌ಚಂದ್ ಅವರ ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹೆಸರಿನಲ್ಲಿ ಮುಂಬಯಿಯ ಪಾಲಾಯಿತು.

ಹೀಗಾಗಿ ಕನ್ನಡ ನಾಡಿಗೆ ಆಗ ದಕ್ಕಿದ್ದು ಕಾರು ತಯಾರಿಸುವ ಕೆಲಸವಲ್ಲ, ಕಾರು ರಿಪೇರಿ ಮಾಡುವ ಕೆಲಸ. ಮೊದಲನೆಯದಕ್ಕೆ ಬಂಡವಾಳ ಬೇಕಿತ್ತು, ಲಂಡನ್ನಿನ ಅನುಮತಿ ಬೇಕಿತ್ತು. ಎರಡನೆಯದಕ್ಕೆ ಒಂದು ಪಾನಾ, ಒಂದು ಪೇಚ್‌ಕಸ್ ಮತ್ತು ಚುರುಕಾದ ಕಿವಿ ಸಾಕಾಗಿತ್ತು.

ಇದ್ದಿಲು ಕಲಿಸಿದ ಪಾಠ

ಎರಡನೇ ಮಹಾಯುದ್ಧ ನಮ್ಮ ಮೇಸ್ತ್ರಿಗಳಿಗೆ ಒಂದು ವಿಚಿತ್ರ ಶಾಲೆಯಾಯಿತು. ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳು ಇದ್ದಿಲಿನಿಂದ ಓಡತೊಡಗಿದವು. ಭದ್ರಾವತಿಯ ಕುಲುಮೆಯಲ್ಲಿ ಕಬ್ಬಿಣ ಕರಗಿಸುತ್ತಿದ್ದುದೂ ಮಲೆನಾಡಿನ ಮರದ ಇದ್ದಿಲೇ. ಬಸ್ಸಿನ ಹಿಂಭಾಗಕ್ಕೆ ಕಟ್ಟಿದ ದೊಡ್ಡ ಡ್ರಮ್ಮಿನಲ್ಲಿ ಇದ್ದಿಲನ್ನು ಸಾಕಷ್ಟು ಗಾಳಿ ಕೊಡದೆ ಉರಿಸುತ್ತಿದ್ದರು. ಹಾಗೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಅದನ್ನು ಸೋಸಿ, ತಣಿಸಿ, ಗಾಳಿಯ ಜತೆ ಬೆರೆಸಿ ಎಂಜಿನ್ನಿಗೆ ಬಿಡಬೇಕು. ಹೊರಡುವ ಮೊದಲು ಕ್ಲೀನರ್ ಹುಡುಗ ಕೈಯಿಂದ ತಿದಿ ತಿರುಗಿಸಿ ಬೆಂಕಿ ಹೊತ್ತಿಸಬೇಕು. ಏರಿನಲ್ಲಿ ಎಂಜಿನ್ನಿನ ಶಕ್ತಿ ಸಾಲದೆ ಪ್ರಯಾಣಿಕರು ಇಳಿದು ತಳ್ಳಬೇಕು.

ಈ ಇದ್ದಿಲು ಬಸ್ಸನ್ನು ಓಡಿಸಿದವರಿಗೆ ಒಂದು ಸತ್ಯ ಪುಸ್ತಕವಿಲ್ಲದೆ ತಿಳಿಯಿತು. ಎಂಜಿನ್ನಿಗೆ ಬೇಕಾದುದು ಬರೀ ಇಂಧನವಲ್ಲ, ಗಾಳಿಯೊಂದಿಗೆ ಹದವಾಗಿ ಬೆರೆತ ಇಂಧನ. ಗಾಳಿ ಹೆಚ್ಚಾದರೂ ನಿಲ್ಲುತ್ತದೆ, ಕಡಿಮೆಯಾದರೂ ನಿಲ್ಲುತ್ತದೆ. ಕಾರ್ಬೊರೇಟರಿನ ಗುಟ್ಟು ಇಷ್ಟೇ.

ಬಗ್ದಾದಿನಿಂದ ಬುಡಾಪೆಸ್ಟಿನವರೆಗೆ

ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಹದವನ್ನು ಕ್ಷಣಕ್ಷಣಕ್ಕೂ ಕಾಯ್ದುಕೊಡುವ ಲೋಹದ ಪಾತ್ರೆಯೇ ಕಾರ್ಬೊರೇಟರ್. ಅದರ ಒಳಗಿನ ಕೊಳವೆ ನಡುವೆ ಕಿರಿದಾಗಿರುತ್ತದೆ. ಕಿರಿದಾದ ಕಡೆ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಇದನ್ನು ಇಟಲಿಯ ವೆಂಚುರಿ 1797ರಲ್ಲಿ ವಿವರಿಸಿದ್ದರು. ಒತ್ತಡ ಇಳಿದ ಜಾಗದಲ್ಲಿ ಸಣ್ಣ ರಂಧ್ರದ ಜೆಟ್ ಇಟ್ಟರೆ ಪೆಟ್ರೋಲ್ ತಾನಾಗಿ ಮೇಲೆದ್ದು ಹನಿಹನಿಯಾಗಿ ಗಾಳಿಯಲ್ಲಿ ಬೆರೆಯುತ್ತದೆ. 1893ರಲ್ಲಿ ಜರ್ಮನಿಯ ಮೇಬಾಖ್ ಮತ್ತು ಬುಡಾಪೆಸ್ಟಿನ ಬಾಂಕಿ, ಚೊಂಕಾ ಎಂಬವರು ಬೇರೆ ಬೇರೆಯಾಗಿ ಇಂಥ ಸಿಂಪಡಿಸುವ ಕಾರ್ಬೊರೇಟರ್‌ಗಳನ್ನು ರೂಪಿಸಿದರು.

ಜೆಟ್ಟಿನಿಂದ ಬರುವ ಪೆಟ್ರೋಲ್ ಹದ ತಪ್ಪದಿರಬೇಕಾದರೆ ಪಕ್ಕದ ಬಟ್ಟಲಿನಲ್ಲಿ ಅದರ ಮಟ್ಟ ಸದಾ ಒಂದೇ ಆಗಿರಬೇಕು. ಅದಕ್ಕಾಗಿ ಒಂದು ತೇಲುಗುಂಡು. ಪೆಟ್ರೋಲ್ ತುಂಬಿದಾಗ ಗುಂಡು ಮೇಲೆದ್ದು ಸೂಜಿಯಿಂದ ಬಾಗಿಲು ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ತೇಲುಗುಂಡಿನಿಂದ ದ್ರವದ ಮಟ್ಟ ಕಾಯುವ ಉಪಾಯ ಬಹಳ ಹಳೆಯದು. ಗ್ರೀಕರ ನೀರುಗಡಿಯಾರಗಳಲ್ಲಿ ಅದಿತ್ತು. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಪ್ರಸಿದ್ಧರಾದ ಮೂವರು ಸಹೋದರರು ‘ಕಿತಾಬುಲ್ ಹಿಯಲ್’ ಎಂಬ ತಮ್ಮ ಯಂತ್ರಗ್ರಂಥದಲ್ಲಿ ತೇಲುಗುಂಡು ಮತ್ತು ಕವಾಟಗಳ ಹಲವು ಸಾಧನಗಳನ್ನು ವಿವರಿಸಿದ್ದಾರೆ. ಕಾರ್ಬೊರೇಟರನ್ನೂ ನಾವೇ ಕಂಡುಹಿಡಿದೆವು ಎಂದು ಬೀಗಲು ಈ ಮಾತನ್ನು ಹೇಳುತ್ತಿಲ್ಲ. ವಿದ್ಯೆ ಯಾರೊಬ್ಬರ ಸೊತ್ತೂ ಅಲ್ಲ, ಅದು ಕೈಯಿಂದ ಕೈಗೆ ದಾಟುತ್ತದೆ ಎಂಬುದಕ್ಕೆ ಈ ತೇಲುಗುಂಡೇ ಸಾಕ್ಷಿ. ಅಲೆಕ್ಸಾಂಡ್ರಿಯ, ಬಗ್ದಾದ್, ಬುಡಾಪೆಸ್ಟ್ ದಾಟಿ ಅದು ಆಯನೂರಿನ ಗ್ಯಾರೇಜಿನ ಸೀಮೆಎಣ್ಣೆ ತಟ್ಟೆಗೂ ಬಂದು ಬಿತ್ತು.

ಒಂದೇ ಕಾರು, ನಲವತ್ತು ವರ್ಷ

ಸ್ವಾತಂತ್ರ್ಯಾನಂತರದ ಭಾರತದಲ್ಲಿ ಕಾರು ಎಂದರೆ ಎರಡು ಮೂರು ಹೆಸರುಗಳಷ್ಟೇ. ಹಿಂದೂಸ್ತಾನ್ ಮೋಟಾರ್ಸ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ರೂಪಿಸಿದ ಅಂಬಾಸಿಡರ್ 1950ರ ದಶಕದ ಕೊನೆಗೆ ರಸ್ತೆಗಿಳಿಯಿತು. ಪ್ರೀಮಿಯರ್ ಕಂಪನಿ 1954ರಿಂದ ಫಿಯಟ್ 1100 ಹೊರತಂದಿತು. ಮುಂದೆ ಅದೇ ಪದ್ಮಿನಿಯಾಯಿತು. ಮೂರನೆಯದು ಜೀಪು. 1945ರಲ್ಲಿ ‘ಮಹೀಂದ್ರ ಆ್ಯಂಡ್ ಮುಹಮ್ಮದ್’ ಎಂಬ ಹೆಸರಿನಲ್ಲಿ ಆರಂಭವಾದ ಕಂಪನಿ ಅದನ್ನು ಜೋಡಿಸಿ ಮಾರಿತು. ಪಾಲುದಾರ ಮಲಿಕ್ ಗುಲಾಮ್ ಮುಹಮ್ಮದ್ ವಿಭಜನೆಯ ನಂತರ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿ ‘ಮಹೀಂದ್ರ ಆ್ಯಂಡ್ ಮಹೀಂದ್ರ’ ಆಯಿತು. ಎರಡನೆಯ ‘ಎಂ’ನ ಹಿಂದಿದ್ದ ಹೆಸರು ಬದಲಾಯಿತು, ಅಕ್ಷರ ಮಾತ್ರ ಉಳಿಯಿತು.

ಲೈಸೆನ್ಸ್ ರಾಜ್‌ನಲ್ಲಿ ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಬಿಡಿಭಾಗ ಬೇಕೆಂದ ತಕ್ಷಣ ಸಿಗುತ್ತಿರಲಿಲ್ಲ. ಆದ್ದರಿಂದ ಇದ್ದುದನ್ನೇ ಉಳಿಸಿಕೊಳ್ಳುವುದು ಅನಿವಾರ್ಯವಾಯಿತು. ಹಿತ್ತಾಳೆಯ ತೇಲುಗುಂಡು ತೂತಾದರೆ ಅದನ್ನು ಬಿಸಿ ನೀರಿನಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆ ನೋಡಿ, ಒಳಗಿನ ಪೆಟ್ರೋಲನ್ನು ಪೂರ್ತಿ ತೆಗೆದು ಬೆಸುಗೆ ಹಾಕುತ್ತಿದ್ದರು. ಬೆಸುಗೆ ಒಂದು ಚೂರು ಹೆಚ್ಚಾದರೆ ಗುಂಡು ಭಾರವಾಗಿ ಮುಳುಗುತ್ತದೆ, ಬಟ್ಟಲಿನ ಮಟ್ಟ ಏರುತ್ತದೆ, ಕಾರು ಪೆಟ್ರೋಲ್ ಕುಡಿಯತೊಡಗುತ್ತದೆ. ಆ ಒಂದು ಚೂರಿನ ಅಂದಾಜು ಮೇಸ್ತ್ರಿಯ ಬೆರಳಿನಲ್ಲಿತ್ತು.

ಪರೀಕ್ಷೆಯ ಕ್ರಮ

ಹಳೆಯ ಮೇಸ್ತ್ರಿಗಳ ವಿದ್ಯೆಯಲ್ಲಿ ಮೊದಲ ಪಾಠ ಕಾರ್ಬೊರೇಟರನ್ನು ಬಿಚ್ಚುವುದಲ್ಲ, ಬಿಚ್ಚದಿರುವುದು. ಎಂಜಿನ್ ತಡವರಿಸಿದರೆ ಮಾಲೀಕ ಮೊದಲು ಹೇಳುವುದು ‘ಕಾರ್ಬೊರೇಟರ್ ಹೋಗಿದೆ’ ಎಂದೇ. ಆದರೆ ಕಾರ್ಬೊರೇಟರಿನದೆಂದು ತೋರುವ ಎಷ್ಟೋ ದೋಷಗಳು ನಿಜವಾಗಿ ಕಿಡಿಯ ದೋಷಗಳು. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಸವೆದಿರಬಹುದು, ಕಂಡೆನ್ಸರ್ ಸತ್ತಿರಬಹುದು, ಮಲೆನಾಡಿನ ಮಳೆಗಾಲದಲ್ಲಂತೂ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕುಳಿತು ಕಿಡಿ ದಾರಿ ತಪ್ಪಿರಬಹುದು. ಒಣ ಬಟ್ಟೆಯಿಂದ ಒರೆಸಿದರೆ ಹೋಗುವ ತೊಂದರೆಗೆ ಕಾರ್ಬೊರೇಟರ್ ಬಿಚ್ಚಿದರೆ, ಇದ್ದ ಒಂದು ದೋಷದ ಜತೆ ಇನ್ನೆರಡು ಸೇರಿಕೊಳ್ಳುತ್ತವೆ.

ಕಿಡಿ ಸರಿಯಿದ್ದರೆ ಮುಂದಿನ ಪ್ರಶ್ನೆ ಪೆಟ್ರೋಲಿನದು. ಕಾರ್ಬೊರೇಟರಿಗೆ ಬರುವ ಕೊಳವೆಯನ್ನು ಬಿಚ್ಚಿ ಎಂಜಿನ್ ತಿರುಗಿಸಿದರೆ ಪೆಟ್ರೋಲ್ ರಭಸದಿಂದ ಚಿಮ್ಮಬೇಕು. ಚಿಮ್ಮದಿದ್ದರೆ ದೋಷ ಪಂಪಿನಲ್ಲೋ ಟ್ಯಾಂಕಿನ ತುಕ್ಕಿನಲ್ಲೋ ಇದೆ. ಬೇಸಿಗೆಯ ಏರುದಾರಿಯಲ್ಲಿ ಪಂಪಿನೊಳಗೆ ಪೆಟ್ರೋಲ್ ಆವಿಯಾಗಿ ಗಾಡಿ ನಿಂತರೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯುವುದೇ ಮದ್ದು. ಪೆಟ್ರೋಲಿನಲ್ಲಿ ಕಲಬೆರಕೆಯ ಗುಮಾನಿ ಇದ್ದರೆ ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡುವುದು. ಶುದ್ಧ ಪೆಟ್ರೋಲ್ ಕಲೆ ಉಳಿಸದೆ ಆರಿಹೋಗುತ್ತದೆ, ಸೀಮೆಎಣ್ಣೆ ಬೆರೆತಿದ್ದರೆ ಕಲೆ ಉಳಿಯುತ್ತದೆ.

ಇವೆರಡೂ ಸರಿಯಿದ್ದ ಮೇಲೆ ಕಾರ್ಬೊರೇಟರಿನ ಸರದಿ. ಆಗಲೂ ಕೈಗಿಂತ ಮೊದಲು ಕಣ್ಣು, ಮೂಗು, ಕಿವಿ. ಪ್ಲಗ್ ತೆಗೆದು ಅದರ ತುದಿ ನೋಡಬೇಕು. ತುದಿ ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು. ಸುಟ್ಟ ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು. ಬಿಸ್ಕತ್ತಿನ ಕಂದು ಬಣ್ಣವಿದ್ದರೆ ಹದ ಸರಿ. ಸೈಲೆನ್ಸರಿನಿಂದ ಕಪ್ಪು ಹೊಗೆ, ಹಸಿ ಪೆಟ್ರೋಲಿನ ವಾಸನೆ ಬಂದರೆ ತೇಲುಗುಂಡಿನ ಸೂಜಿ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಚೋಕ್ ಅರ್ಧಕ್ಕೆ ಸಿಕ್ಕಿಕೊಂಡಿದೆ. ಎಕ್ಸಲೇಟರ್ ಒತ್ತಿದ ಕೂಡಲೆ ಗಾಡಿ ಕ್ಷಣ ತಡೆದು, ಕಾರ್ಬೊರೇಟರ್ ಸೀನಿದಂತೆ ಸದ್ದು ಮಾಡಿದರೆ ಪೆಟ್ರೋಲ್ ಸಾಲುತ್ತಿಲ್ಲ. ಸೋಲೆಕ್ಸ್ ಕಾರ್ಬೊರೇಟರ್ ಆದರೆ ಎಕ್ಸಲೇಟರ್ ಪಂಪಿನ ರಬ್ಬರು ಹರಿದಿರಬಹುದು. ಹಳೆಯ ಅಂಬಾಸಿಡರಿನ ಎಸ್.ಯು. ಆದರೆ ಮೇಲಿನ ಕೊಳವೆಯಲ್ಲಿ ಎಣ್ಣೆ ಮುಗಿದಿರಬಹುದು.

ಎಸ್.ಯು. ಕಾರ್ಬೊರೇಟರಿಗೆ ಒಂದು ಸೊಗಸಾದ ಪರೀಕ್ಷೆ ಇದೆ. ಎಂಜಿನ್ ಬಿಸಿಯಾಗಿ ನಿಧಾನವಾಗಿ ಓಡುತ್ತಿರುವಾಗ ಅದರೊಳಗಿನ ಪಿಸ್ಟನ್ನನ್ನು ಒಂದು ಕೂದಲೆಳೆಯಷ್ಟು ಮೇಲೆತ್ತಬೇಕು. ಸದ್ದು ಸ್ವಲ್ಪವೇ ಏರಿ ಮತ್ತೆ ಮೊದಲಿನಂತಾದರೆ ಹದ ಸರಿ. ಏರಿದ್ದು ಏರಿಯೇ ಉಳಿದರೆ ಪೆಟ್ರೋಲ್ ಹೆಚ್ಚು. ಎಂಜಿನ್ ನಿಂತೇಹೋದರೆ ಪೆಟ್ರೋಲ್ ಕಡಿಮೆ. ಯಾವ ಮೀಟರೂ ಬೇಡ, ಕಿವಿ ಬೇಕು.

ಕೊನೆಗೆ ಬಿಚ್ಚಲೇಬೇಕಾಗಿ ಬಂದಾಗಲೂ ಒಂದು ನಿಯಮವಿತ್ತು: ಜೆಟ್ಟಿಗೆ ತಂತಿ ತೂರಿಸಬಾರದು, ಗಾಳಿ ಊದಿಯೇ ಕಸ ತೆಗೆಯಬೇಕು. ಸೋಲೆಕ್ಸ್ ಜೆಟ್ಟಿನ ಮೇಲೆ 120 ಎಂದು ಕೊರೆದಿದ್ದರೆ ರಂಧ್ರ 1.20 ಮಿಲಿಮೀಟರ್ ಎಂದರ್ಥ. ತಂತಿ ಆಡಿಸಿದರೆ ಆ ಅಳತೆ ಮತ್ತೆ ಸರಿಪಡಿಸಲಾಗದಂತೆ ಕೆಡುತ್ತದೆ. ಇಂಗ್ಲಿಷ್ ಕೈಪಿಡಿ ಓದಲು ಬಾರದವರಿಗೂ ಈ ನಿಯಮ ಬಾಯಿಪಾಠವಾಗಿತ್ತು.

ಚೋಕ್ ಎಂಬ ಉಸಿರುಗಟ್ಟು

ಚೋಕ್ ಎಂದರೆ ಉಸಿರುಗಟ್ಟಿಸುವುದು. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಸುಲಭವಾಗಿ ಆವಿಯಾಗದು, ಕೊಳವೆಯ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಗುಬುಟನ್ನು ಎಳೆದರೆ ಕಾರ್ಬೊರೇಟರಿನ ಬಾಯಲ್ಲಿರುವ ತಗಡು ಮುಚ್ಚಿ ಗಾಳಿ ತಡೆಯುತ್ತದೆ, ಎಂಜಿನ್ನಿನ ಸೆಳೆತಕ್ಕೆ ಪೆಟ್ರೋಲ್ ಹೆಚ್ಚು ಬರುತ್ತದೆ. ಎಸ್.ಯು.ವಿನಲ್ಲಿ ತಗಡೇ ಇಲ್ಲ, ಗುಬುಟು ಎಳೆದಾಗ ಜೆಟ್ಟೇ ಕೆಳಗಿಳಿದು ಪೆಟ್ರೋಲಿನ ದಾರಿ ಅಗಲವಾಗುತ್ತದೆ. ಹೆಸರು ಮಾತ್ರ ಚೋಕ್.

ಚಳಿಗಾಲದ ಬೆಳಿಗ್ಗೆ ಗಾಡಿ ಎದ್ದೇಳದಿದ್ದರೆ ಏರ್ ಕ್ಲೀನರ್ ತೆಗೆದು, ಒಬ್ಬರು ಗುಬುಟು ಎಳೆಯುವಾಗ ಇನ್ನೊಬ್ಬರು ತಗಡು ಪೂರ್ತಿ ಮುಚ್ಚುತ್ತದೆಯೇ ನೋಡಬೇಕು. ಎಷ್ಟೋ ಸಲ ಕೇಬಲ್ ಜಾರಿರುತ್ತದೆ, ಅಷ್ಟೇ. ಚೋಕ್ ಎಳೆದಾಗ ಚೆನ್ನಾಗಿ ಓಡಿ, ಎಂಜಿನ್ ಬಿಸಿಯಾದ ಮೇಲೂ ಗುಬುಟು ಒಳಗೆ ತಳ್ಳಿದ ಕೂಡಲೆ ನಿಂತುಹೋಗುವ ಗಾಡಿ ಮೇಸ್ತ್ರಿಗೆ ಸ್ಪಷ್ಟವಾದ ಸುಳಿವು ಕೊಡುತ್ತದೆ. ಎಲ್ಲೋ ಕಳ್ಳಗಾಳಿ ಒಳನುಗ್ಗುತ್ತಿದೆ, ಇಲ್ಲವೇ ನಿಧಾನ ಓಟದ ಸಣ್ಣ ಜೆಟ್ ಕಟ್ಟಿದೆ. ಗ್ಯಾಸ್ಕೆಟ್ಟಿನ ಅಂಚಿಗೆ ಎಣ್ಣೆ ಬಿಟ್ಟಾಗ ಸದ್ದು ಬದಲಾದರೆ ಕಳ್ಳಗಾಳಿಯ ಜಾಗ ಸಿಕ್ಕಿತು. ಆದರೆ ಅನೇಕ ಮಾಲೀಕರು ರಿಪೇರಿಯ ಖರ್ಚು ಉಳಿಸಲು ಚೋಕನ್ನು ಅರ್ಧ ಎಳೆದೇ ತಿಂಗಳುಗಟ್ಟಲೆ ಓಡಿಸುತ್ತಿದ್ದರು. ಹೆಚ್ಚಾದ ಪೆಟ್ರೋಲ್ ಸಿಲಿಂಡರಿನ ಎಣ್ಣೆಯನ್ನು ತೊಳೆದು, ಎಂಜಿನ್ನೇ ಸವೆದು ಹೋಗುತ್ತಿತ್ತು. ತುರ್ತಿಗೆಂದು ಹಾಕಿದ ಬಿಗಿಯನ್ನು ಕಾಯಂ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಉಸ್ತಾದ್ ಮತ್ತು ಶಾಗಿರ್ದ್

ಉರ್ದು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ‘ಉಸ್ತಾದ್’ ಎಂಬ ಪದ ಎರಡು ಕಡೆ ಸಿಕ್ಕಿತು. ಒಂದು ಶಾಲೆಯ ಒಳಗೆ, ಇನ್ನೊಂದು ಶಾಲೆ ಬಿಟ್ಟ ಹುಡುಗರು ಸೇರುತ್ತಿದ್ದ ಗ್ಯಾರೇಜಿನಲ್ಲಿ. ಶಿವಮೊಗ್ಗ, ಭದ್ರಾವತಿಗಳ ಗ್ಯಾರೇಜುಗಳ ಮಾತಿನಲ್ಲಿ ಪಾನಾ, ಪೇಚ್‌ಕಸ್, ಪಕ್ಕಡ್ ಮೊದಲಾದ ಪದಗಳು ಬೆರೆತದ್ದು ಈ ದಾರಿಯಿಂದ. ‘ಮೇಸ್ತ್ರಿ’ ಪದ ಬಂದದ್ದು ಪೋರ್ಚುಗೀಸರಿಂದ. ಯಾವ ಜಾತಿಯ ಹುಡುಗ ಸೇರಿದರೂ ಈ ಭಾಷೆಯನ್ನೇ ಕಲಿಯುತ್ತಿದ್ದ.

2006ರ ಸಾಚಾರ್ ಸಮಿತಿಯ ವರದಿ ಮುಸ್ಲಿಮರ ದುಡಿಮೆಯ ಬಗ್ಗೆ ಹೇಳುವಾಗ ಸ್ವಂತ ಉದ್ಯೋಗಗಳನ್ನೂ ಅವುಗಳಲ್ಲಿ ವಾಹನ ರಿಪೇರಿಯನ್ನೂ ಗುರುತಿಸಿತು. ಸಂಬಳದ ನೌಕರಿಯ ಬಾಗಿಲು ಕಿರಿದಾದ ಕಡೆ ಈ ಬಾಗಿಲು ತೆರೆದಿತ್ತು. ಆದರೆ ಅದರ ಬೆಲೆ ತೆತ್ತವರು ಮಕ್ಕಳು. ಹತ್ತು ಹನ್ನೆರಡರ ವಯಸ್ಸಿಗೇ ಶಾಲೆ ಬಿಟ್ಟು, ಮೊದಲ ವರ್ಷ ಬರೀ ಪಾನಾ ಎತ್ತಿಕೊಡುತ್ತಾ, ಬೈಗುಳ ತಿನ್ನುತ್ತಾ, ಸೀಮೆಎಣ್ಣೆಯಲ್ಲಿ ಕೈ ಬಿರಿಸಿಕೊಂಡು ಕಲಿತ ವಿದ್ಯೆ ಇದು. ಇದನ್ನು ಹಾಡಿ ಹೊಗಳುವಾಗ ಅವರ ಕೈತಪ್ಪಿದ ಅಕ್ಷರವನ್ನು ಮರೆಯಬಾರದು. ಉಸ್ತಾದನಿಗೆ ಗೊತ್ತಿದ್ದುದನ್ನು ಅವನೇ ಬರೆದಿಡಲಾಗದೆ ಹೋದದ್ದು ಇದೇ ಕಾರಣಕ್ಕೆ.

ಆದರೂ ಒಳ್ಳೆಯ ಉಸ್ತಾದರು ಕೆಲಸದ ಜತೆ ಒಂದು ನಡತೆಯನ್ನೂ ಕಲಿಸಿದರು. ಬದಲಾಯಿಸಿದ ಹಳೆಯ ಭಾಗವನ್ನು ಮಾಲೀಕನ ಕೈಗೇ ಕೊಡಬೇಕು. ಕೆಡದಿರುವುದನ್ನು ಕೆಟ್ಟಿದೆ ಎನ್ನಬಾರದು. ನಂಬಿ ಬಿಟ್ಟುಹೋದ ಗಾಡಿ ಅಮಾನತ್ತು. ಪ್ರವಾದಿ ದಾವೂದರು ಕಬ್ಬಿಣ ಬಾಗಿಸಿ ಕವಚ ಮಾಡುತ್ತಿದ್ದರೆಂದೂ, ಅದರ ಕೊಂಡಿಗಳನ್ನು ಅಳತೆ ತಪ್ಪದಂತೆ ಮಾಡಬೇಕೆಂದು ಅವರಿಗೆ ಆದೇಶವಿತ್ತೆಂದೂ ಕುರ್‌ಆನ್‌ನಲ್ಲಿ ಬರುತ್ತದೆ. ಕೈಕೆಲಸದಲ್ಲಿ ಅಳತೆಯೂ ಧರ್ಮದ ಭಾಗ ಎಂಬುದನ್ನು ಅವರು ಉಪದೇಶದಿಂದಲ್ಲ, ಜೆಟ್ಟಿಗೆ ತಂತಿ ತೂರಿಸಲು ಬಿಡದೆ ಕಲಿಸಿದರು.

ಅವರ ಪರೀಕ್ಷೆಯ ಕ್ರಮದಲ್ಲಿ ಇನ್ನೂ ಒಂದು ಪಾಠವಿದೆ. ಎದುರಿಗೆ ಕಾಣುವುದರ ಮೇಲೆ ಮೊದಲು ಅನುಮಾನ ಹೊರಿಸಬೇಡ. ಸಾಕ್ಷ್ಯ ನೋಡು, ಒಂದೊಂದನ್ನೇ ಪರೀಕ್ಷಿಸು, ಆಮೇಲೆ ತೀರ್ಪು ಕೊಡು. ಊರಿನಲ್ಲಿ ಏನೇ ಕೆಟ್ಟರೂ ಮೊದಲು ಯಾರತ್ತ ಬೆರಳು ತೋರಿಸಬೇಕೆಂದು ಮುಂಚೆಯೇ ನಿಶ್ಚಯಿಸಿಕೊಂಡವರ ನಡುವೆ ಬದುಕುವವರಿಗೆ ಈ ಪಾಠದ ಬೆಲೆ ಗೊತ್ತು.

ಉಳಿದಿರುವ ಕೆಲಸ

ಪದ್ಮಿನಿಯ ತಯಾರಿಕೆ 2000ದ ಹೊತ್ತಿಗೆ ಮುಗಿಯಿತು. ಅಂಬಾಸಿಡರ್ 2014ರಲ್ಲಿ ನಿಂತಿತು. ಹೊಗೆಯ ನಿಯಮಗಳು ಬಿಗಿಯಾಗುತ್ತಾ ಬಂದಂತೆ ಹೊಸ ಕಾರುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಕಂಪ್ಯೂಟರ್ ನಿಯಂತ್ರಿಸುವ ಇಂಜೆಕ್ಷನ್ ಬಂತು. 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ಜಾರಿಯಾದ ಮೇಲೆ ಹೊಸ ಬೈಕುಗಳಿಂದಲೂ ಕಾರ್ಬೊರೇಟರ್ ಮರೆಯಾಯಿತು. ಇದರಲ್ಲಿ ದುಃಖಪಡುವಂಥದ್ದು ಏನೂ ಇಲ್ಲ. ನಮ್ಮ ಮಕ್ಕಳು ಉಸಿರಾಡುವ ಗಾಳಿ ಕಾರ್ಬೊರೇಟರಿಗಿಂತ ದೊಡ್ಡದು.

ಆದರೆ ಹಳೆಯ ಗಾಡಿಗಳು ಇನ್ನೂ ಇವೆ, ಅವುಗಳಿಗೆ ಹೊಸ ಕಾಯಿಲೆಯೂ ಬಂದಿದೆ. ಈಗ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಬೆರೆಸಲಾಗುತ್ತಿದೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರುತ್ತದೆ. ಅದು ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಆದ್ದರಿಂದ ಹಳೆಯ ಅಳತೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಮಲೆನಾಡಿನ ತೇವದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಬಟ್ಟಲಿನ ತಳದಲ್ಲಿ ನೀರು ಕೂರುತ್ತದೆ. ಪಂಪಿನ ರಬ್ಬರು, ಕೊಳವೆ, ಸೂಜಿಯ ತುದಿಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸುವುದು, ಗಾಡಿ ನಿಲ್ಲಿಸುವ ಮುನ್ನ ಬಟ್ಟಲನ್ನು ಖಾಲಿ ಮಾಡುವುದು ಇದಕ್ಕೆ ಪರಿಹಾರ. ಇದನ್ನು ಪ್ಲಗ್ಗಿನ ಬಿಳುಪು ನೋಡಿಯೇ ಹೇಳಬಲ್ಲವರು ಬೇಕು. ಅವರ ಸಂಖ್ಯೆ ಮಾತ್ರ ಕರಗುತ್ತಿದೆ.

ಶಿವಮೊಗ್ಗದಲ್ಲಾಗಲಿ ಆಯನೂರಿನಲ್ಲಾಗಲಿ ಅಂಬಾಸಿಡರ್, ಫಿಯಟ್, ಜೀಪುಗಳ ಮೇಲೆ ಕೈ ಪಳಗಿಸಿಕೊಂಡ ತಲೆಮಾರಿಗೆ ಈಗ ವಯಸ್ಸಾಗಿದೆ. ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲರ ಬಾರದೆ ಹೋದ ಕಾರ್ಖಾನೆಗೆ ಚರಿತ್ರೆಯಲ್ಲಿ ಪುಟಗಳಿವೆ. ಬಂದ ಕಾರುಗಳನ್ನೆಲ್ಲ ನಲವತ್ತು ವರ್ಷ ಓಡಿಸಿದವರಿಗೆ ಒಂದು ಪುಟವೂ ಇಲ್ಲದಿರುವುದು ನ್ಯಾಯವಲ್ಲ. ಅವರ ಮೊಮ್ಮಕ್ಕಳು ಇಂದು ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿದ್ದಾರೆ. ರಜೆಯಲ್ಲಿ ಮನೆಗೆ ಬಂದಾಗ ಅಜ್ಜನ ಮುಂದೆ ಒಂದು ಹಳೆಯ ಕಾರ್ಬೊರೇಟರ್ ಇಟ್ಟು, ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುತ್ತಾ, ಇದು ಯಾವುದು, ಇದು ಕೆಟ್ಟರೆ ಏನಾಗುತ್ತದೆ, ನಿಮಗೆ ಇದನ್ನು ಕಲಿಸಿದವರು ಯಾರು ಎಂದು ಕೇಳಿದರೆ ಸಾಕು. ಮೂರನೆಯ ಪ್ರಶ್ನೆಯ ಉತ್ತರದಲ್ಲಿ ಹೆಸರುಗಳು ಬರುತ್ತವೆ. ಚರಿತ್ರೆಗೆ ಬೇಕಾಗಿರುವುದು ಆ ಹೆಸರುಗಳೇ.